ತಳ ಹಿಡಿದ ಮರಿಗಳು

೧೯೬೩ರ ಆಗಸ್ಟ್ ೬, ಮಂಗಳವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಹೊಳೆನರಸೀಪುರದ ಮೀನುಮರಿ ಸಾಕಣೆಯ ಅಂಗಳದಲ್ಲಿ ಮೂರು ತೊಟ್ಟಿಗಳು. ಎರಡರಲ್ಲಿ ಮರಿಗಳು ಮಿಂಚಿನಂತೆ ಓಡಾಡುತ್ತಿದ್ದವು. ಮೇವು ಕುಟ್ಟುವ ಒರಳಿನ ಪಕ್ಕದ ಮೂರನೆಯದರಲ್ಲಿ ಸಾವಿರಾರು ಮರಿಗಳು ತಳ ಹಿಡಿದು ಬಿದ್ದಿದ್ದವು.

ಹಾಸನದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನೀಲಾಂಬಿಕೆ ತರಗತಿಗೆ ಮರಿ ಕೊಳ್ಳಲು ಎಂಟರ ಬಸ್ಸಿಗೆ ಬಂದಿಳಿದಾಗ, ದಫೇದಾರ್ ಬೋರಪ್ಪ ಕಾವಲುಗಾರ ತಮ್ಮಯ್ಯನ ತೋಳು ಹಿಡಿದಿದ್ದ. ಮೇಲ್ವಿಚಾರಕ ಪಾಲಾಕ್ಷ ಖಾಲಿ ಎಂಡ್ರಿನ್ ಡಬ್ಬಿ ಎತ್ತಿ ತೋರಿಸಿದ.

"ಇವನ ಗುಡಿಸಲ ಹಿಂದೆ ಸಿಕ್ತು. ಬೆಳೆಗೆ ಹೊಡೆಯೋ ವಿಷ. ಇನ್ನೇನು ಸಾಕ್ಷಿ ಬೇಕು?"

"ನಾನ್ಯಾಕ್ ಆಕ್ಲಿ ಸಾ? ಮಕ್ಕಳಂಗೆ ಸಾಕಿವ್ನಿ!"

"ನಡಿಯಲೇ, ಠಾಣೇಲಿ ಅಳುವೆಯಂತೆ," ಎಂದ ಬೋರಪ್ಪ.

"ನಿಲ್ಲಿ," ಎಂದಳು ನೀಲಾಂಬಿಕೆ. ಕುಕ್ಕರುಗಾಲಲ್ಲಿ ಕೂತು ಒಂದು ಮರಿಯನ್ನು ಬೆರಳಿಂದ ಮುಟ್ಟಿದಳು. ಅದು ಎರಡಂಗುಲ ಸರಿದು ಮತ್ತೆ ತಳಕ್ಕಿಳಿಯಿತು. ಕಿವಿರು ಆಡುತ್ತಲೇ ಇತ್ತು.

"ಎಂಡ್ರಿನ್ ಬಿದ್ದಿದ್ರೆ ಹುಚ್ಚೆದ್ದು ಓಡಾಡಿ, ನಡುಗಿ, ಹೊಟ್ಟೆ ಮೇಲಾಗಿ ಸಾಯ್ತಿದ್ವು. ಇವು ಬದುಕಿವೆ. ಈಜೋದನ್ನ ಮಾತ್ರ ಬಿಟ್ಟಿವೆ. ನನಗೆ ಸಂಜೆವರೆಗೆ ಸಮಯ ಬೇಕು."

"ಸಂಜೆ ಆರು ಗಂಟೆವರೆಗೆ. ಆಮೇಲೆ ಇವ್ನ್ನ ಒಳಗಾಕ್ತೀನಿ ಕಣಮ್ಮ," ಎಂದ ಬೋರಪ್ಪ.

ಅವಳ ಕಣ್ಣು ಒರಳಿನ ಮೇಲೆ ನಿಂತಿತು.

"ತಮ್ಮಯ್ಯ, ಮೇವು ಏನು?"

"ಕಡ್ಲೇಕಾಯಿ ಹಿಂಡಿ, ತೌಡು. ಮೂರು ತೊಟ್ಟಿಗೂ ಒಂದೇ."

"ಒರಳು ತೊಳೆದ ನೀರು?"

"ಚೆಲ್ಲಂಗಿಲ್ಲ ಕಣವ್ವ. ಮೇವು ದಂಡ ಆಗ್ಬಾರ್ದು ಅಂತ ಯಾರ್ ತೊಳುದ್ರೂ ಪಕ್ಕದ ತೊಟ್ಟಿಗೇ ಉಯ್ಯೋದು."

"ನಿನ್ನೆ ಯಾರು ತೊಳೆದರು?"

"ಬೆಳಿಗ್ಗೆ ನಾನು. ಮದ್ಯಾನ ತೌಡು ತಂದು ನೋಡಿದ್ರೆ — ಒರಳು ಮತ್ತೆ ನೆಂದಿತ್ತು."

ನೀಲಾಂಬಿಕೆ ಹೇರ್‌ಪಿನ್ನಿನಿಂದ ಒರಳಿನ ಬಿರುಕು ಕೆದಕಿದಳು. ಬೇರಿನ ನಾರು, ಪುಡಿ. ನಾಲಿಗೆಗೆ ಮುಟ್ಟಿಸಿದರೆ ಕಡುಕಹಿ! ಎರಡು ಜಾಡಿಗಳಿಗೆ ಚುರುಕಾದ ಮರಿಗಳನ್ನು ಬಿಟ್ಟು, ಒಂದಕ್ಕೆ ಮಾತ್ರ ಆ ಪುಡಿ ಹಾಕಿ ಕಾದು ಕುಳಿತಳು. ಐದು ಗಂಟೆಗೆ ಆ ಜಾಡಿಯ ಮರಿಗಳು ತಳ ಹಿಡಿದವು.

"ಸರ್ಪಗಂಧದ ಬೇರು," ಎಂದಳು. "ರಕ್ತದೊತ್ತಡಕ್ಕೆ ಕುಡಿಯೋದು. ಮೈಯನ್ನು ಚುರುಕಾಗಿಡೋ ರಾಸಾಯನಿಕಗಳು ಮೆದುಳಲ್ಲಿರ್ತವೆ. ಈ ಬೇರು ಅವನ್ನು ಬರಿದು ಮಾಡುತ್ತೆ. ರೆಕ್ಕೆ ಗಟ್ಟಿಯಾಗಿದ್ರೂ ಈಜು ಅನ್ನೋ ಅಪ್ಪಣೆ ಬರೋದಿಲ್ಲ. ಇಲ್ಲಿ ರಕ್ತದೊತ್ತಡ ಯಾರಿಗೆ?"

ತಮ್ಮಯ್ಯ ಪಾಲಾಕ್ಷನತ್ತ ತಿರುಗಿದ. ಪಾಲಾಕ್ಷ ಹಣೆ ಒರೆಸಿಕೊಂಡ.

"ಬೇರು ಕುಟ್ಟಿದ್ದೆ... ತೊಳೆದ ನೀರನ್ನ ವಾಡಿಕೆಯಂತೆ ಸುರಿದ್ಬಿಟ್ಟೆ."

"ಅದು ಕೈತಪ್ಪು. ಅದನ್ನ ಮುಚ್ಚೋಕೆ ಇವನ ಗುಡಿಸಲ ಹಿಂದೆ ವಿಷದ ಡಬ್ಬಿ ಇಟ್ಟಿದ್ದು?"

ಪಾಲಾಕ್ಷ ಗೇಟಿನತ್ತ ಸರಿದ. ಬೋರಪ್ಪ ತಮ್ಮಯ್ಯನ ತೋಳು ಬಿಟ್ಟು ಪಾಲಾಕ್ಷನದನ್ನು ಹಿಡಿದ. "ಬನ್ನಿ ಸಾ, ಠಾಣೇಲಿ ಏಳೋರಂತೆ."

ತಮ್ಮಯ್ಯ ತೊಟ್ಟಿಯ ನೀರು ಬದಲಿಸಿದ. ಒಂಬತ್ತನೆಯ ದಿನ ನೀಲಾಂಬಿಕೆ ಮತ್ತೆ ಬಂದಾಗ ಅವನೇ ಅದೇ ತೊಟ್ಟಿಯ ಹತ್ತು ಮರಿಗಳನ್ನು ಬೊಗಸೆಯಲ್ಲಿ ತಂದು ಗಾಜಿನ ಜಾಡಿಗೆ ಬಿಟ್ಟ. ಅವಳು ಜಾಡಿಯ ನಡುವೆ ಗೆರೆ ಎಳೆದು ಗಡಿಯಾರ ಹಿಡಿದಳು. ಒಂದೊಂದು ಮರಿ ಗೆರೆ ದಾಟಿದ್ದು ನಿಮಿಷಕ್ಕೆ ಸರಾಸರಿ ಇಪ್ಪತ್ತೇಳು ಸಲ, ಪಕ್ಕದ ತೊಟ್ಟಿಯ ಚುರುಕಾದ ಮರಿಗಳಷ್ಟೇ.