ಸಡಿಲವಾದ ಸಾಲುಗಳು

“ಪುಸ್ತಕದ ನೆತ್ತಿ ಹಿಡಿದು ಎಳೀತಿರೋದು ಯಾರ್ರೀ?”

ಬೈಂಡಿಂಗ್ ರೂಮಿನವನು ಒಂದು ಹೊರೆ ಪುಸ್ತಕ ತಂದು ನನ್ನ ಕೌಂಟರಿನ ಮೇಲಿಟ್ಟ. ಎಲ್ಲದರ ಬೆನ್ನೂ ಮೇಲ್ತುದಿಯಲ್ಲಿ ಹರಿದಿತ್ತು. ಬೆರಳಿಗೆ ಸದಾ ಗೋಂದು ಮೆತ್ತಿಕೊಂಡಿರುತ್ತಿದ್ದುದರಿಂದ ಲೈಬ್ರರಿಯವರೆಲ್ಲ ಅವನನ್ನು ಅಂಟಣ್ಣ ಎನ್ನುತ್ತಿದ್ದರು. ನಾನು ಮಾತ್ರ ಹಾಗೆ ಕರೆಯುತ್ತಿರಲಿಲ್ಲ. ಅವನನ್ನು ಅಣ್ಣ ಎನ್ನಲು ನನಗೆ ಮನಸ್ಸಿರಲಿಲ್ಲ.

“ಓದೋರು ಎಳೀತಾರೆ. ನನ್ನೇನ್ ಕೇಳ್ತೀರಿ?” ಎಂದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಸುಳ್ಳು ಹೇಳುವಾಗ ಇನ್ನೂ ಬೇಗ ಬರುತ್ತದೆ.

ಎಳೆಯುತ್ತಿದ್ದವಳು ನಾನೇ. ಪುಸ್ತಕವನ್ನು ಸೊಂಟದಲ್ಲಿ ಹಿಡಿದು ತೆಗೆಯಬೇಕು. ಅದಕ್ಕೆ ಹೆಬ್ಬೆರಳು ಬೇಕು. ಸ್ಕ್ಯಾನ್ ಮಾಡಿ, ಸೀಲು ಒತ್ತಿ, ದಪ್ಪ ದಪ್ಪ ಸಂಪುಟಗಳನ್ನು ಒಂದೇ ಕೈಯಲ್ಲಿ ಎತ್ತಿಟ್ಟು ವರ್ಷಗಳೇ ಕಳೆದು, ನನ್ನ ಬಲಗೈ ಹೆಬ್ಬೆರಳು ಮುಷ್ಕರ ಹೂಡಿತ್ತು. ಮಣಿಕಟ್ಟಿನಿಂದ ಮೊಣಕೈವರೆಗೆ ಉರಿ. ಹಾಗಾಗಿ ತೋರುಬೆರಳನ್ನು ಕೊಕ್ಕೆ ಮಾಡಿ ನೆತ್ತಿಗೆ ಹಾಕಿ ಎಳೆಯುತ್ತಿದ್ದೆ. ಲೈಬ್ರರಿಯನ್ ಮೇಡಂಗೆ ಗೊತ್ತಾದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ, ಹಿಂದಿನ ಆ ಚಿಕ್ಕ ಬೈಂಡಿಂಗ್ ರೂಮಿನ ಬಾಗಿಲ ಮುಂದೆ ದಿನವೂ ಹಾದುಹೋಗಲು ನೆಪ ಎಲ್ಲಿಂದ ತರಲಿ?

ಅವನು ಹೊರೆಯನ್ನು ಮತ್ತೆ ಎತ್ತಿಕೊಳ್ಳುತ್ತ, ನಾನು ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಎತ್ತುವುದನ್ನೇ ನೋಡಿದ. ಅವನ ಕಣ್ಣು ನನ್ನ ಮುಖಕ್ಕೆ ಬಂತು, ಕೈಗೆ ಹೋಯಿತು, ಮತ್ತೆ ಮುಖಕ್ಕೆ ಬಂತು. ನಾನು ಕಂಪ್ಯೂಟರ್ ನೋಡತೊಡಗಿದೆ. ಅದು ಆಫ್ ಆಗಿತ್ತು.

ಕೆಲವು ದಿನಗಳಲ್ಲಿ ಒಂದು ವಿಚಿತ್ರ ಕಂಡೆ. ಕಿಕ್ಕಿರಿದಿದ್ದ ಕಪಾಟುಗಳಲ್ಲಿ ಈಗ ಪುಸ್ತಕಗಳು ಮುಟ್ಟಿದರೆ ಸಾಕು, ಈಚೆ ಬರುತ್ತಿದ್ದವು. ಒಂದು ಬೆಳಿಗ್ಗೆ ಬೇಗ ಬಂದು ನೋಡಿದರೆ, ಅವನು ಸ್ಟೂಲ್ ಹತ್ತಿ ಪ್ರತಿ ಸಾಲಿನಿಂದ ಒಂದೊಂದು ಪುಸ್ತಕ ಹೊರತೆಗೆಯುತ್ತಿದ್ದ.

“ಏನ್ರೀ ಇದು?”

“ರಿಪೇರಿಗೆ.”

“ಒಂದೂ ಹರಿದಿಲ್ಲವಲ್ಲ!”

“ನೀವು ಕೈ ಹಾಕೋ ಮುಂಚೆನೇ ರಿಪೇರಿ ಮಾಡ್ಬಿಟ್ರೆ ಒಳ್ಳೇದಲ್ವಾ?”

ನನ್ನ ಕಳ್ಳತನ ಬಯಲಾಗಿತ್ತು. ನಗು ಬಂತು, ಹಿಂದೆಯೇ ಅಳುವೂ ಬಂತು. ಅವನು ಕೆಳಗಿಳಿಯಲಿಲ್ಲ. ನನಗೆ ಕಣ್ಣೊರೆಸಿಕೊಳ್ಳಲು ಸಮಯ ಸಿಗಲೆಂದು ಅದೇ ಪುಸ್ತಕದ ಧೂಳನ್ನು ಮತ್ತೆ ಮತ್ತೆ ಒರೆಸುತ್ತಿದ್ದ.

ಆಮೇಲಿನ ತಿಂಗಳುಗಳು ಸುಖವಾಗಿದ್ದವು ಎನ್ನಲಾರೆ. ಕೈ ಕೆಡುತ್ತಲೇ ಹೋಯಿತು. ಬೆಳಿಗ್ಗೆ ಅಕ್ಕ ನನಗೆ ಜಡೆ ಹೆಣೆದು, ಗುಂಡಿ ಹಾಕಿ ಕಳಿಸುತ್ತಿದ್ದಳು.

“ಡಾಕ್ಟ್ರು ಏನಂದ್ರು ನೆನಪಿದ್ಯಾ? ಹೀಗೇ ಮಾಡ್ತಾ ಹೋದ್ರೆ ಆ ಹಿಡಿತ ವಾಪಸ್ ಬರಲ್ಲ ಕಣೇ. ಕೈಗಿಂತ ಕೆಲಸ ಹೆಚ್ಚಾ?”

ಹೆಚ್ಚಾಗಿದ್ದುದು ಕೆಲಸವಲ್ಲ ಎಂದು ಅಕ್ಕನಿಗೆ ಹೇಗೆ ಹೇಳಲಿ? ಸಡಿಲವಾದ ಆ ಸಾಲುಗಳ ಧೈರ್ಯದ ಮೇಲೆ ದಿನವೂ ಹೋಗುತ್ತಿದ್ದೆ.

ಮೋಡ ಕವಿದಿದ್ದ ಒಂದು ಸೋಮವಾರ ಎಲ್ಲ ಸಾಲುಗಳೂ ಬಿಗಿಯಾಗಿದ್ದವು. ತೆಗೆದಿದ್ದ ಪುಸ್ತಕಗಳನ್ನೆಲ್ಲ ಅವನು ವಾಪಸ್ ತುರುಕಿದ್ದ. ಬೆರಳು ಹಾಕಿ ಎಳೆದೆ. ಕಣ್ಣಲ್ಲಿ ನೀರು ಬಂತೇ ಹೊರತು ಪುಸ್ತಕ ಬರಲಿಲ್ಲ. ಇವನಿಗೆ ನನ್ನ ಮೇಲೆ ಬೇಸರ ಬಂದಿದೆ ಎಂದುಕೊಂಡು ಬೈಂಡಿಂಗ್ ರೂಮಿಗೆ ನುಗ್ಗಿದೆ.

“ನಾನು ಸಾಕಾದ್ನಾ? ಬಾಯ್ಬಿಟ್ಟು ಹೇಳಬಹುದಿತ್ತು.”

ಅವನು ಗೋಂದಿನ ಬ್ರಷ್ ಕೆಳಗಿಟ್ಟ. “ಶನಿವಾರ ನಿಮ್ಮ ಕೈಯಿಂದ ಲೋಟ ಬಿತ್ತು. ಜಾರಿದ್ದೇ ನಿಮಗೆ ಗೊತ್ತಾಗ್ಲಿಲ್ಲ. ನಾನು ಹೀಗೆ ಸಡಿಲ ಮಾಡ್ತಾ ಇದ್ರೆ ನೀವು ಇಲ್ಲೇ ಉಳ್ಕೋತೀರಿ. ನಿಮ್ಮನ್ನ ದಿನಾ ನೋಡೋ ಆಸೆಗೆ ನಿಮ್ಮ ಕೈನೇ ಹಾಳು ಮಾಡ್ತಿದ್ದೀನಿ ಅನ್ನಿಸ್ತು.”

“ಆಸೆ ನಿಮಗೂ ಇತ್ತಾ?”

“ಇಲ್ದೇ ಇದ್ರೆ, ಬೆಳ್ಬೆಳಿಗ್ಗೆ ಸ್ಟೂಲ್ ಹತ್ತಿ ಧೂಳು ಕುಡಿಯೋಕೆ ನನಗೇನು ಹುಚ್ಚಾ?”

ಇಷ್ಟು ದಿನ ಕಾದಿದ್ದ ಮಾತು ಬಂದದ್ದು, ಹೋಗು ಎನ್ನುವ ಮಾತಿನ ಜೊತೆಗೆ.

“ಕೆಲಸ ಬಿಟ್ರೂ ಕೈ ಪೂರ್ತಿ ಸರಿಹೋಗುತ್ತೆ ಅಂತ ಡಾಕ್ಟ್ರು ಹೇಳಿಲ್ಲ ಕಣ್ರೀ. ನನಗೆ ಏನನ್ನೂ ಬಿಗಿಯಾಗಿ ಹಿಡಿಯೋಕಾಗಲ್ಲ.”

“ನಾನು ಹಿಡ್ಕೋತೀನಿ ಬಿಡಿ.”

ಮೇಡಂ ಕೋಣೆಯವರೆಗೂ ಜೊತೆಯಲ್ಲೇ ಬಂದ. ಎಲ್ಲವನ್ನೂ ಹೇಳಬೇಕು, ಕೆಲಸ ಬಿಡಬೇಕು. ಬಾಗಿಲಿನ ಹಿಡಿ ದುಂಡಗೆ, ನುಣ್ಣಗಿತ್ತು. ತಿರುಗಿಸಿದೆ, ಜಾರಿತು. ಮತ್ತೆ ತಿರುಗಿಸಿದೆ. ಅವನು ನನ್ನ ಕೈಯನ್ನು ಮೆಲ್ಲಗೆ ಸರಿಸಿ, ತಾನೇ ಬಾಗಿಲು ತೆರೆದು, ಪಕ್ಕಕ್ಕೆ ನಿಂತ.