ಕಣ್ಣವ್ವನಿಗೊಂದು ಟಿಕೀಟು

1987ರ ಫೆಬ್ರವರಿ 12, ಗುರುವಾರ. ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಚಿಕ್ಕೋಡಿ ಠಾಣೆಗೆ ಸಿಸ್ಟರ್ ಪಿಲಾರ್ ಬಂದರು. ಊರ ಹೊರಗೆ ಕಣ್ಣಿನ ದವಾಖಾನೆ ನಡೆಸುವ ಸ್ಪೇನ್ ದೇಶದ ಸನ್ಯಾಸಿನಿ. ಇಪ್ಪತ್ತು ವರ್ಷದಲ್ಲಿ ಇಲ್ಲಿನ ಮಾತೇ ಅವರ ಮಾತಾಗಿತ್ತು.

"ಕಣ್ಣವ್ವ ಇಲ್ರಿ ಸಾಹೇಬ. ಗ್ವಾಡಿ ಖಾಲಿ ಐತಿ."

ಇನ್ಸ್‌ಪೆಕ್ಟರ್ ಜ್ಞಾನದೇವ ಕಾಂಬಳೆ ಎದ್ದು ಕುರ್ಚಿ ಸರಿಸಿದರು. ಕಾನ್ಸ್‌ಟೇಬಲ್ ಬಾಳಾಸಾಬ ಕೇಳದೆಯೇ ಚಹಾ ತಂದಿಟ್ಟ.

ಎಫ್‌ಐಆರ್‌ನಲ್ಲಿ ಹೀಗೆ ದಾಖಲಾಯಿತು: 1861ರಲ್ಲಿ ಸ್ಪೇನಿನಲ್ಲಿ ಬರೆದ ಸಂತ ಲೂಸಿಯಾಳ ತೈಲಚಿತ್ರ, ಎತ್ತರ ಮೂರೂವರೆ ಅಡಿ. ಒಂದು ಕೈಯಲ್ಲಿ ತಾಳೆಗರಿ, ಇನ್ನೊಂದರಲ್ಲಿ ತಟ್ಟೆ, ತಟ್ಟೆಯಲ್ಲಿ ಎರಡು ಕಣ್ಣು. ದೃಷ್ಟಿ ಕಾಯುವವಳೆಂದು ರೋಗಿಗಳು ಅವಳನ್ನು ಕಣ್ಣವ್ವ ಎನ್ನುತ್ತಾರೆ. ಐಪಿಸಿ ಕಲಂ 380, ಕಟ್ಟಡದೊಳಗಿನ ಕಳವು.

ಎಂಟೂ ಮುಕ್ಕಾಲಿಗೆ ಸ್ಥಳ ಪಂಚನಾಮೆ. ಪ್ರಾರ್ಥನಾ ಕೋಣೆಗೆ ಬೀಗವೇ ಇರಲಿಲ್ಲ. ರೋಗಿಗಳ ಮನೆಯವರು ಅಲ್ಲೇ ಮಲಗುತ್ತಾರೆಂದು ಸಿಸ್ಟರ್ ಎಂದೂ ಹಾಕಿಸಿರಲಿಲ್ಲ. ಖಾಲಿ ಮೊಳೆಯ ಕೆಳಗೆ ಐದು ಹಿಡಿ ಅಕ್ಕಿ, ಅದರ ಮೇಲೊಂದು ತೆಂಗಿನಕಾಯಿ.

ಬಾಳಾಸಾಬ ಕಾಯಿ ಮುಟ್ಟಲು ಹೋಗಿ ಕೈ ಹಿಂತೆಗೆದ. "ಸಾಹೇಬ, ಇದು ಮಾರೋ ಮಂದಿ ಕೆಲಸ ಅಲ್ರಿ. ದೇವರನ್ನ ಎತ್ತಿದ್ರ ಜಾಗಾ ಬರೇ ಬಿಡಬಾರದಂತ ಇಟ್ಟಾರ. ತಿರುಗಿ ತರಾವ್ರ ಅದಾರ."

"ನಿನಗೇನು ಗೊತ್ತಲೇ?"

"ನಮ್ಮವ್ವ ಹಿಂಗ ಇಡ್ತಾಳ್ರಿ."

ಅಷ್ಟು ದೊಡ್ಡ ಚೌಕಟ್ಟನ್ನು ಹೊತ್ತು ದೂರ ನಡೆಯಲಾಗದು. ಒಂಬತ್ತೂವರೆಗೆ ಕಾಂಬಳೆ ಬಸ್‌ಸ್ಟ್ಯಾಂಡಿಗೆ ಹೋದರು. ಬೆಳಗಿನ ಮೊದಲ ಬಸ್ಸಿನ ಕಂಡಕ್ಟರ್ ಜಕ್ಕಪ್ಪ ಆಗಷ್ಟೇ ತಿರುಗಿ ಬಂದಿದ್ದ.

"ದೊಡ್ಡ ಸಾಮಾನು ಯಾರು ತಂದಿದ್ರು?"

"ಒಬ್ಬಾಕಿ ಬಂದಿದ್ಲ್ರಿ, ಸಾಮಾನ ಕೌದ್ಯಾಗ ಸುತ್ತಿದ್ಲು. ಟಾಪಿಗೆ ಹಾಕು ಅಂದೆ. 'ಹೆಣ್ಣಮಗಳನ್ನ ಟಾಪಿನ ಮ್ಯಾಲ ಕೂಡ್ರಸ್ತೀಯೇನೋ, ನಿನಗ ಅಕ್ಕತಂಗೇರಿಲ್ಲ?' ಅಂತ ಬೈದ್ಲು. ಎರಡ ಟಿಕೀಟ ತಗೊಂಡ ಕಿಡಕಿ ಕಡೆ ಅದನ್ನ ಕೂಡ್ರಿಸಿದ್ಲ್ರಿ. ತಾ ಈಚೆ ಕೂತ್ಲು."

"ಎಲ್ಲಿಗೆ ಟಿಕೀಟು?"

"ಅಲಖನೂರ."

ಕಾಂಬಳೆ ದವಾಖಾನೆಗೆ ತಿರುಗಿ ಬಂದಾಗ ಸಿಸ್ಟರ್ ರೋಗಿಗಳ ಯಾದಿ ತೆಗೆದರು. ಅಲಖನೂರಿನವರು ಒಬ್ಬರೇ: ಸುಂದ್ರವ್ವ, ಎಪ್ಪತ್ತು ವರ್ಷ, ಸೊಂಟ ಮುರಿದು ಹಾಸಿಗೆ ಹಿಡಿದವಳು. ಕಣ್ಣಿನ ಪೊರೆ ತೆಗೆದು ಇಂದಿಗೆ ಏಳನೇ ದಿನ. ಅವಳ ಮನೆಗೇ ಹೋಗಿ ಸಿಸ್ಟರ್ ಇವತ್ತು ಪಟ್ಟಿ ಬಿಚ್ಚಬೇಕಿತ್ತು.

ಜೀಪಿನಲ್ಲಿ ಸಿಸ್ಟರೂ ಹೊರಟರು. ರಾಯಬಾಗ ದಾಟಿದ ಮೇಲೆ ಹೇಳಿದರು: "ಮಗಳು ತುಳಸವ್ವ ನನ್ನ ಕೇಳಿದ್ಲ್ರಿ. ಪಟ್ಟಿ ಬಿಚ್ಚಿದಾಗ ಅವ್ವ ಮೊದಲ ಕಣ್ಣವ್ವನ್ನ ನೋಡ್ತೀನಂತ ಹರಕಿ ಹೊತ್ತಾಳ, ಒಂದ ದಿನ ಕೊಡ್ರಿ ಅಂದ್ಲು. ಬಣ್ಣ ಉದುರತೈತಿ, ಆಗೂದಿಲ್ಲ ಅಂದೆ. ದೂರಿನ್ಯಾಗ ಇದನ್ನ ಹೇಳಲಿಲ್ಲ."

"ಈಗ ಹೇಳಿದ್ರಲ್ಲ," ಎಂದರು ಕಾಂಬಳೆ.

ಹನ್ನೊಂದು ನಲವತ್ತಕ್ಕೆ ಸುಂದ್ರವ್ವನ ಮನೆ ಮುಂದೆ ಜೀಪು ನಿಂತಿತು. ಬಾಗಿಲಲ್ಲಿ ನೆರೆಯವರ ಚಪ್ಪಲಿಗಳು. ಒಳಗೆ ಜೋಳದ ಚೀಲಗಳಿಗೆ ಒರಗಿಸಿ, ತೊಳೆದ ಮಣೆಯ ಮೇಲೆ ಕಣ್ಣವ್ವನನ್ನು ನಿಲ್ಲಿಸಿದ್ದರು. ಮೇಲಿನ ಬೆಳಕಿಂಡಿಯ ಬಿಸಿಲು ನೇರ ಅವಳ ಮೇಲೆ. ಕಪ್ಪು ಹಿನ್ನೆಲೆಯಿಂದ ಮುಖವೊಂದು ಈಗಷ್ಟೇ ಹೊರಬಂದ ಹಾಗೆ. ತನ್ನ ಕಣ್ಣನ್ನು ತಟ್ಟೆಯಲ್ಲಿ ಹಿಡಿದೂ ಎದುರಿನವರನ್ನು ದಿಟ್ಟಿಸುವ ಆ ನೋಟದ ಮುಂದೆ ಕಾಂಬಳೆ ನಿಂತುಬಿಟ್ಟರು. ಹದಿನೆಂಟು ವರ್ಷದ ನೌಕರಿಯಲ್ಲಿ ಎಷ್ಟೋ ಕಳವಿನ ಮಾಲು ಕಂಡಿದ್ದರು. ಮಾಲೇ ತಮ್ಮನ್ನು ನೋಡಿದ್ದು ಇದೇ ಮೊದಲು. ಅವರ ಕೈ ತಾನಾಗಿ ಟೊಪ್ಪಿಗೆಗೆ ಹೋಯಿತು.

ತುಳಸವ್ವ ಎದ್ದು ನಿಂತಳು. "ನಾನ ತಂದೀನ್ರಿ. ಸಂಜಿಗೆ ತಿರುಗಿ ಒಯ್ಯಾವಳಿದ್ದೆ. ಪಟ್ಟಿ ಬಿಚ್ಚುತನಕ ತಡೀರಿ ಯಪ್ಪಾ, ಆಮ್ಯಾಲ ಎಲ್ಲಿಗೆ ಬೇಕಾದ್ರೂ ಬರ್ತೀನಿ."

ಬಾಳಾಸಾಬ ಪಂಚನಾಮೆಯ ಕಾಗದ ಬಿಚ್ಚುತ್ತಿದ್ದ. ಕಾಂಬಳೆ ಅದರ ಮೇಲೆ ಕೈಯಿಟ್ಟರು.

"ಸಿಸ್ಟರ್, ಮೊದಲು ನಿಮ್ಮ ಕೆಲಸ ಆಗ್ಲಿ."

ಸಿಸ್ಟರ್ ಕೈ ತೊಳೆದು ಬಂದು ಪಟ್ಟಿ ಬಿಚ್ಚಿದರು. ಸುಂದ್ರವ್ವ ರೆಪ್ಪೆ ಪಟಪಟ ಬಡಿದಳು, ನೀರು ಸುರಿಯಿತು. ಮುದುಕಿಯ ನೋಟ ಮೆಲ್ಲಗೆ ಒಂದೆಡೆ ನಿಂತಿತು.

"ಕೆಂಪ ಸೆರಗು..." ಎಂದಳು. "ಅಯ್ಯ, ಎಷ್ಟ ಸಣ್ಣಾಕಿ ಅದಾಳಬೇ!"

ನೆರೆದವರೆಲ್ಲ ಒಮ್ಮೆಗೇ ಕೈ ಮುಗಿದರು.

ಜಪ್ತಿ ಪಂಚನಾಮೆ ಹನ್ನೆರಡು ಹತ್ತಕ್ಕೆ ಶುರುವಾಗಿ ಒಂದಕ್ಕೆ ಮುಗಿಯಿತು. ಬಣ್ಣ ಒಂದು ಚೂರೂ ಉದುರಿರಲಿಲ್ಲ. ಒಂದು ಹತ್ತಕ್ಕೆ ತುಳಸವ್ವನ ದಸ್ತಗಿರಿ. ಠಾಣೆಯಲ್ಲಿ ಮಹಿಳಾ ಪೊಲೀಸ್ ಇರಲಿಲ್ಲ. ನೆರೆಯ ರಾಮವ್ವ, ತಟ್ಟೆಯಲ್ಲಿದ್ದ ರೊಟ್ಟಿಯನ್ನು ಬಟ್ಟೆಗೆ ಸುತ್ತಿಕೊಂಡು, ತಾನೇ ಜೊತೆಗೆ ಹೊರಟಳು.

ಹೊರಸಿನಿಂದ ಸುಂದ್ರವ್ವ ಚಿತ್ರದ ಕಡೆ ಕೈ ಮಾಡಿ ಕರೆದಳು: "ಸಾಹೇಬ, ಈ ಹುಡುಗಿ ಕಣ್ಣ ಕಿತ್ತವ್ರು ಯಾರ್ರಿ? ಹಿಡದ್ರೇನು?"

ಕಾಂಬಳೆ ಸಿಸ್ಟರ್ ಕಡೆ ನೋಡಿದರು.

"ಅದು ಬಾಳ ಹಿಂದಿಂದವ್ವ," ಎಂದರು ಸಿಸ್ಟರ್. "ಸಾವಿರದ ಏಳನೂರ ವರ್ಷ ಆಗಾಕ ಬಂತು."

"ಆಗ್ಲಿ. ಅವರನ್ನ ಬಿಟ್ಟ ನನ್ನ ಮಗಳನ್ನ ಒಯ್ತೀರಿ?"

ಫಿರ್ಯಾದುದಾರರಾದ ಸಿಸ್ಟರ್ ಜೀಪು ಹತ್ತಲಿಲ್ಲ. ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಹನಿ ಹಾಕಬೇಕು, ಮಗಳಿಗೆ ಜಾಮೀನು ಸಿಗುವವರೆಗೆ ತಾನು ಇಲ್ಲೇ ಇರುತ್ತೇನೆ ಎಂದು ಹೊರಸಿನ ಬದಿಗೆ ಕೂತರು.

ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶ ಬರೆಯುವಾಗ ಕಾಂಬಳೆ ಆರೋಪಿಯ ಮಾತನ್ನೇ ಇಳಿಸಿದರು: "ಅವ್ವ ನನ್ನ ಹಡದಾಗ ಮೊದಲ ನನ್ನ ಮಾರಿ ನೋಡಿದ್ಲು. ಎರಡನೇ ಸಲ, ಕಣ್ಣ ಬಂದಾಗ, ಮೊದಲ ಯಾರ ಮಾರಿ ನೋಡ್ಬೇಕು ಅನ್ನೂದು ಆಕೀ ಇಚ್ಛಾ."