ಚುಕ್ಕಿ ನೋಡಲು ಹೋದ ಬಂಡೆ

ಜಗಳೂರಿನ ಬೀದಿದೀಪಗಳ ನಡುವೆ ನಕ್ಷತ್ರ ಕಾಣುವುದಿಲ್ಲವೆಂದು ಮಗಳು ಸಿಂಚನಾ ವರ್ಷದಿಂದ ಗೊಣಗುತ್ತಿದ್ದಳು. ಕೊನೆಗೊಂದು ಅಮಾವಾಸ್ಯೆಯಂದು ಹೊಲಿಗೆ ಕೆಲಸ ಬದಿಗಿಟ್ಟು, ಅವಳನ್ನು ಸ್ಕೂಟರಿನಲ್ಲಿ ಸೊಕ್ಕೆ ಹಳ್ಳಿಯಾಚೆಯ ಬಂಡೆಗೆ ಕರೆದೊಯ್ದೆ.

ಕುರಿ ಹೊಡೆದುಕೊಂಡು ಹೋಗುತ್ತಿದ್ದ ಅಜ್ಜ, "ಕುಂತು ನೋಡ್ರಿ ತಾಯಿ, ಮಲಗಬ್ಯಾಡ್ರಿ" ಎಂದ. ದಣಿದಿದ್ದೆ. ಜಮಖಾನ ಹಾಸಿ ಒರಗಿದ್ದೇ ತಡ, ನಿದ್ದೆ ಹತ್ತಿತು.

ಎಚ್ಚರವಾದಾಗ ಬಂಡೆ ತಣ್ಣಗಿತ್ತು. ಮಗಳ ಆಚೆ ಬದಿಯ ಜಮಖಾನ ಮಾತ್ರ, ಯಾರೋ ಈಗಷ್ಟೇ ಎದ್ದುಹೋದಂತೆ ಬೆಚ್ಚಗಿತ್ತು.

"ಅಮ್ಮಾ, ಇಷ್ಟೊಂದು ಚುಕ್ಕಿ ಹೆಸರು ನಿಂಗೆ ಗೊತ್ತೈತೆ ಅಂತ ಯಾಕೆ ಹೇಳಿರ್ಲಿಲ್ಲ?" ಎಂದು ಸಿಂಚನಾ ನನ್ನನ್ನು ತಬ್ಬಿಕೊಂಡಳು. ಅವಳು ನನ್ನ ಬಗ್ಗೆ ಹೆಮ್ಮೆಪಟ್ಟದ್ದು ಅದೇ ಮೊದಲು. ನನಗೆ ಒಂದರ ಹೆಸರೂ ಗೊತ್ತಿಲ್ಲ.

ಈಗ ಮಲಗಿಸುವಾಗ ಕಥೆ ಶುರುಮಾಡಿದರೆ ತಡೆಯುತ್ತಾಳೆ. "ಹಿಂಗಲ್ಲಮ್ಮ, ಅವತ್ತು ಬಂಡೆ ಮ್ಯಾಲೆ ಮಾತಾಡಿದ್ಯಲ್ಲ, ಆ ದನೀಲಿ ಹೇಳು."